ಕೈ ತಲೆಗೆ ಬಾರದಿದ್ದರೆ

ಕರಿಹಲಗೆಯ ಎಡಮೂಲೆಯಲ್ಲಿ ದಿನಾಂಕ, ಬಲಮೂಲೆಯಲ್ಲಿ ಹಾಜರಾತಿ, ನಡುವೆ ಪಾಠದ ಹೆಸರು. ತರಗತಿಗೆ ಕಾಲಿಟ್ಟ ಕೂಡಲೇ ಇಷ್ಟು ಬರೆದು, ಕೈಯ ಸುಣ್ಣ ಕೊಡವಿ, "ಕೂತ್ಕೊಳ್ಳಿ" ಎನ್ನುವುದು ನನ್ನ ಇಪ್ಪತ್ತಾರು ವರ್ಷಗಳ ಅಭ್ಯಾಸ. 2022ರ ಮೇ ತಿಂಗಳಲ್ಲಿ ಶಾಲೆ ಶುರುವಾದ ದಿನ ಸೀಮೆಸುಣ್ಣ ಹಿಡಿದು ಕೈ ಎತ್ತಿದರೆ, ಕೈ ಎದೆಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಮೇಲೆ ಹೋಗು ಎಂದು ನಾನು ಹೇಳುತ್ತಿದ್ದೇನೆ, ಅದಕ್ಕೆ ಕೇಳಿಸುತ್ತಲೇ ಇಲ್ಲ. ಎಡಗೈಯಿಂದ ಬಲಮೊಣಕೈಯನ್ನು ತಳ್ಳಿ ಹೇಗೋ ದಿನಾಂಕ ಬರೆದೆ. ನಲವತ್ತು ಜೊತೆ ಕಣ್ಣು ಬೆನ್ನ ಮೇಲಿತ್ತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ, "ಮಿಸ್, ನಾನು ಬರೀಲಾ?" ಎಂದಳು.

ಇಷ್ಟಕ್ಕೆಲ್ಲ ಕಾರಣ ಅರಳು ಸಂಡಿಗೆ. ಬೇಸಿಗೆ ರಜೆಯಲ್ಲಿ ಸಂಡಿಗೆ ಹಾಕದಿದ್ದರೆ ರಜೆ ಕಳೆದಂತೆಯೇ ಅಲ್ಲ ಎಂಬುದು ನಮ್ಮ ಮನೆಯ ನಂಬಿಕೆ. ಏಪ್ರಿಲಿನ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕವಿಯಿತು. ತಾರಸಿಗೆ ಓಡಿದೆ. ಸಂಡಿಗೆಯನ್ನು ಹಾಸಿದ ಪಂಚೆಯ ಸಮೇತ ಸುತ್ತಿ ಇಳಿಯುವಾಗ ಮೊದಲ ಹನಿಗೆ ನೆಂದ ಮೆಟ್ಟಿಲು ಜಾರಿತು. ಬೀಳಬಾರದೆಂದು ಬಲಗೈಯಲ್ಲಿ ಕಂಬಿ ಹಿಡಿದು ಜೋತೆ. ನಾನೂ ಬೀಳಲಿಲ್ಲ, ಸಂಡಿಗೆಯೂ ಬೀಳಲಿಲ್ಲ. ಹೆಗಲೊಳಗೆ ಮಾತ್ರ ಹಳೇ ಬಟ್ಟೆ ಹರಿದ ಹಾಗೆ ಏನೋ ಆಯಿತು.

ಆಮೇಲಿನ ಕಥೆ ನಿಮಗೆ ಗೊತ್ತಿರುವಂಥದ್ದೇ. ಮೊದಲು ಬಿಸಿನೀರು, ಆಮೇಲೆ ಎಣ್ಣೆ, ಆಮೇಲೆ ಯಾರೋ ಹೇಳಿದ ಇನ್ನೊಂದು ಎಣ್ಣೆ. ಹಗಲು ಹೇಗೋ ಕಳೆಯುತ್ತಿತ್ತು, ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಪ್ರಾಣ ಹೋದಂತಾಗುತ್ತಿತ್ತು. ಊರಿನ ವೈದ್ಯರೊಬ್ಬರು, "ಐವತ್ತು ದಾಟಿದೆ, ಶುಗರ್ ಬೇರೆ ಇದೆ, ಫ್ರೋಜನ್ ಶೋಲ್ಡರ್" ಎಂದು ಕೈ ಮುಟ್ಟದೆಯೇ ಹೇಳಿ ಗೋಡೆಯ ಮೇಲೆ ಬೆರಳಿನಲ್ಲಿ ಹತ್ತುವ ವ್ಯಾಯಾಮ ಕೊಟ್ಟರು. ಮೂರು ತಿಂಗಳು ನಿಷ್ಠೆಯಿಂದ ಗೋಡೆ ಹತ್ತಿದೆ. ಅಡುಗೆಮನೆಯ ಗೋಡೆಯಲ್ಲಿ ನನ್ನ ಬೆರಳಿನ ಗುರುತು ಈಗಲೂ ಇದೆ.

ಗೌರಿ ಹಬ್ಬದ ದಿನ ಅರಿಶಿನ ಕುಂಕುಮಕ್ಕೆ ಬಂದವರಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಳು. ಕನ್ನಡ ಪರೀಕ್ಷೆಯಲ್ಲಿ ಸಂಧಿ ಸಮಾಸ ಬಿಟ್ಟು ಮಿಕ್ಕೆಲ್ಲ ಬರೆಯುತ್ತಿದ್ದವಳು. ಈಗ ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್. ನಾನು ಎಡಗೈಯಲ್ಲಿ ಕುಂಕುಮ ಕೊಡುವುದನ್ನು ನೋಡಿ ಅವಳಿಗೆ ಅನುಮಾನ ಬಂತು. ಕೂರಿಸಿ, ನನ್ನ ಬಲಗೈಯನ್ನು ತಾನೇ ಹಿಡಿದು ಮೆಲ್ಲಗೆ ಎತ್ತಿದಳು. ಆಶ್ಚರ್ಯ! ಕೈ ಕಿವಿಯ ಪಕ್ಕದವರೆಗೂ ಹೋಯಿತು. "ಈಗ ಬಿಡ್ತೀನಿ ಟೀಚರ್, ಹಿಡ್ಕೊಳ್ಳಿ" ಎಂದು ಭುಜದ ಮಟ್ಟಕ್ಕೆ ಇಳಿಸಿ ಬಿಟ್ಟಳು. ಕೈ ಕತ್ತರಿಸಿದ ಬಾಳೆಗೊನೆಯ ಹಾಗೆ ದೊಪ್ಪನೆ ಕೆಳಗೆ ಬಿತ್ತು.

"ಫ್ರೋಜನ್ ಆಗಿದ್ರೆ ನಾನು ಎತ್ತಿದ್ರೂ ಹೋಗ್ತಿರ್ಲಿಲ್ಲ ಟೀಚರ್. ಬಾಗಿಲು ಕಚ್ಕೊಂಡಿದ್ರೆ ಯಾರು ತಳ್ಳಿದ್ರೂ ತೆಗೆಯಲ್ಲ ಅಲ್ವಾ? ನಿಮ್ಮದು ಬಾಗಿಲು ಸರಿಯಾಗಿದೆ. ಎಳೆಯೋ ಹಗ್ಗ ಹರಿದಿದೆ."

ಉಪಮೆಯಲ್ಲಿ ಅವಳಿಗೆ ಹತ್ತಕ್ಕೆ ಹತ್ತು ಕೊಟ್ಟೆ.

ಮೈಸೂರಿನಲ್ಲಿ ಎಂ.ಆರ್.ಐ. ಆಯಿತು. ಅವಳ ಮಾತು ನಿಜವಾಗಿತ್ತು. ನಾನು ಬಿ.ಎ., ಬಿ.ಇಡಿ.; ಶರೀರಶಾಸ್ತ್ರ ನನ್ನ ವಿಷಯವಲ್ಲ. ಆದರೆ ಶಸ್ತ್ರವೈದ್ಯರು ತಾಳ್ಮೆಯವರು, ನನಗೂ ಪ್ರಶ್ನೆ ಕೇಳುವ ಚಟ. ತಿಳಿದಷ್ಟನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಸೊಂಟದ ಕೀಲು ಒರಳುಕಲ್ಲಿನಲ್ಲಿ ಕೂತ ಗುಂಡಿನ ಹಾಗೆ, ಆಳ, ಭದ್ರ. ಹೆಗಲಿನದು ಹಾಗಲ್ಲ, ತಟ್ಟೆಯ ಮೇಲಿಟ್ಟ ನಿಂಬೆಹಣ್ಣು. ಅದಕ್ಕೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತದೆ, ಅದಕ್ಕೇ ಜಾರುವ ಭಯವೂ ಹೆಚ್ಚು. ಜಾರದಂತೆ ನಾಲ್ಕು ಸ್ನಾಯುಗಳು ಬೆನ್ನಿನ ರೆಕ್ಕೆಮೂಳೆಯಿಂದ ಬಂದು, ತುದಿಯಲ್ಲಿ ಚಪ್ಪಟೆಯಾದ ಸ್ನಾಯುರಜ್ಜುಗಳಾಗಿ, ಒಂದಕ್ಕೊಂದು ಬೆಸೆದು ತೋಳುಮೂಳೆಯ ತಲೆಯನ್ನು ರವಿಕೆಯ ತೋಳಿನ ಪಟ್ಟಿಯಂತೆ ಸುತ್ತಿ ಹಿಡಿದಿರುತ್ತವೆ. ಇದಕ್ಕೆ ರೊಟೇಟರ್ ಕಫ್ ಎಂದು ಹೆಸರು. ಅಂಗಿಯ ತೋಳಿನ ಕಫ್ಫೇ ಇಲ್ಲಿನ ಕಫ್ಫು. ಹೆಚ್ಚಾಗಿ ಹರಿಯುವುದು ಮೇಲ್ಭಾಗದ ಸುಪ್ರಾಸ್ಪೈನೇಟಸ್ ಎಂಬುದರ ರಜ್ಜು. ನನ್ನದೂ ಅದೇ, ಎರಡೂವರೆ ಸೆಂಟಿಮೀಟರ್ ಅಗಲ ಮೂಳೆಯಿಂದ ಕಿತ್ತು ಬಂದಿತ್ತು.

ವಯಸ್ಸಾದಂತೆ ಇದು ಸವೆಯುತ್ತದಂತೆ. ಅರವತ್ತು ದಾಟಿದ ಎಷ್ಟೋ ಜನರಲ್ಲಿ ನೋವೇ ಇಲ್ಲದೆ ಹರಿದಿರುತ್ತದೆ, ಅವರಿಗೆ ಗೊತ್ತೇ ಇರುವುದಿಲ್ಲ. ಹರಿದದ್ದನ್ನೆಲ್ಲ ಹೊಲಿಯಬೇಕಾಗಿಯೂ ಇಲ್ಲ, ವ್ಯಾಯಾಮದಲ್ಲೇ ಮಿಕ್ಕ ಸ್ನಾಯುಗಳು ಕೆಲಸ ಹಂಚಿಕೊಂಡು ಸುಧಾರಿಸುವವರು ಬಹಳ. ಹಾಗಾಗಿ ನಮ್ಮೂರಿನ ವೈದ್ಯರು ವ್ಯಾಯಾಮ ಕೊಟ್ಟದ್ದೇ ತಪ್ಪೆಂದು ನಾನು ಹೇಳಲಾರೆ. ಆದರೆ ಒಂದು ಏಟಿಗೆ, ಒಂದೇ ದಿನದಲ್ಲಿ ಕೈ ಬಿದ್ದುಹೋದರೆ ಕಾಯಬಾರದು. ಅಷ್ಟನ್ನು ಅವರು ಕೇಳಬೇಕಿತ್ತು. ಕೇಳಿದ್ದರೆ ನಾನು ಸಂಡಿಗೆಯ ಕಥೆ ಹೇಳುತ್ತಿದ್ದೆ.

ದಸರಾ ರಜೆಗೆ ಶಸ್ತ್ರಚಿಕಿತ್ಸೆ ನಿಗದಿಯಾಯಿತು. ಅಷ್ಟರೊಳಗೆ ಸಕ್ಕರೆ ಹತೋಟಿಗೆ ಬರಬೇಕೆಂದರು. ಸಕ್ಕರೆ ಏರಿದ್ದರೆ ಹೊಲಿದದ್ದು ಕೂಡುವುದು ಕಷ್ಟವಂತೆ. ಕಡುಬನ್ನು ನೋಡಿಯೇ ತೃಪ್ತಿಪಟ್ಟೆ.

ನಮ್ಮ ಯಜಮಾನರಿಗೆ ಇದೆಲ್ಲ ಹೊಸ ಫ್ಯಾಷನ್ನಿನ ಕಾಯಿಲೆ ಎಂಬ ಗುಮಾನಿ. ನಮ್ಮ ಕಾಲದಲ್ಲಿ ಇದೆಲ್ಲಿತ್ತು ಎಂದು ಡಾಕ್ಟರನ್ನೇ ಕೇಳಿದರು. ಅವರು ನಕ್ಕು, ಅಮೆರಿಕದ ಬಾಸ್ಟನ್ನಿನಲ್ಲಿ ಅರ್ನೆಸ್ಟ್ ಕಾಡ್‌ಮನ್ ಎಂಬ ವೈದ್ಯರು 1909ರಲ್ಲೇ ಈ ರಜ್ಜನ್ನು ಹೊಲಿದಿದ್ದರು, 1911ರಲ್ಲಿ ಅದನ್ನು ಬರೆದು ಪ್ರಕಟಿಸಿದರು ಎಂದರು. ಈ ಕಾಡ್‌ಮನ್ನರ ಮೇಲೆ ನನಗೆ ಬಹಳ ಗೌರವ ಹುಟ್ಟಿತು, ಅದು ಹೊಲಿಗೆಗಲ್ಲ. ರೋಗಿ ಮನೆಗೆ ಹೋದ ಮೇಲೆ ಒಂದು ವರ್ಷ ಕಳೆದು ಏನಾಯಿತೆಂದು ಪ್ರತಿಯೊಬ್ಬರದೂ ವಿಚಾರಿಸಿ ಕಾರ್ಡಿನಲ್ಲಿ ಬರೆದಿಡಬೇಕು, ತಪ್ಪಾಗಿದ್ದರೆ ಒಪ್ಪಿಕೊಳ್ಳಬೇಕು ಎಂದು ಅವರು ಹಟ ಹಿಡಿದವರಂತೆ. ಹಾಗೆ ಹೇಳಿ ಸಹೋದ್ಯೋಗಿಗಳ ಕೋಪಕ್ಕೂ ಗುರಿಯಾದರು. ಶಿಕ್ಷಕರೂ ಹಾಗೆ ಕಾರ್ಡು ಇಡಬೇಕೆಂದು ಕಾನೂನು ಬಂದರೆ ನಮ್ಮಲ್ಲಿ ಎಷ್ಟು ಜನ ಉಳಿಯುತ್ತೇವೋ!

ಕಾಡ್‌ಮನ್ನರ ಕಾಲದಲ್ಲಿ ಹೆಗಲನ್ನು ಕೊಯ್ದು ತೆರೆದು, ಮೂಳೆಗೆ ತೂತು ಕೊರೆದು ದಾರ ಪೋಣಿಸಿ ಕಟ್ಟುತ್ತಿದ್ದರು. ಬಹಳ ವರ್ಷ ಹಾಗೇ ನಡೆಯಿತು. ಆಮೇಲೆ ಮೂಳೆಗೆ ತಿರುಪಿ ಕೂರಿಸುವ, ಹಿಂದೆ ದಾರ ಕಟ್ಟಿದ ಪುಟ್ಟ ಮೊಳೆಗಳು ಬಂದವು, ಆಂಕರ್ ಎನ್ನುತ್ತಾರೆ. 1990ರ ದಶಕದಿಂದ ದುರ್ಬೀನು ತೂರಿಸಿ, ಪೆನ್ಸಿಲ್ ತೂರುವಷ್ಟು ನಾಲ್ಕೈದು ತೂತಿನಲ್ಲೇ ಎಲ್ಲವನ್ನೂ ಮಾಡುವುದು ರೂಢಿಯಾಯಿತು. ನನಗೆ ಮಾಡಿದ್ದು ಎರಡು ಸಾಲಿನ ಹೊಲಿಗೆ. ಕೀಲಿನ ಅಂಚಿಗೆ ಎರಡು ಆಂಕರ್, ಅವುಗಳ ದಾರವನ್ನು ರಜ್ಜಿನೊಳಗಿಂದ ಮೇಲೆ ತಂದು, ಅಡ್ಡಡ್ಡ ಹಾಯಿಸಿ, ಹೊರಗಿನ ಇನ್ನೆರಡು ಆಂಕರಿಗೆ ಬಿಗಿಯುವುದು. ಹೊರೆಹುಲ್ಲಿಗೆ ಹಗ್ಗ ಬಿಗಿದಂತೆ ದಾರ ರಜ್ಜನ್ನು ಮೂಳೆಗೆ ಅದುಮಿ ಹಿಡಿಯುತ್ತದೆ. ದೊಡ್ಡ ಹರಿತಕ್ಕೆ ಒಂದು ಸಾಲಿಗಿಂತ ಎರಡು ಸಾಲು ಚೆನ್ನಾಗಿ ಕೂಡುತ್ತದೆಂದು ಸ್ಕ್ಯಾನಿನಲ್ಲಿ ಕಾಣುತ್ತದಂತೆ. ರೋಗಿಯನ್ನು ಕೇಳಿದರೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಡುತ್ತಾರಂತೆ. ಇದನ್ನು ಡಾಕ್ಟರೇ ಹೇಳಿದ್ದು ನನಗೆ ಹಿಡಿಸಿತು.

ಕಟ್ಟುವ ಮೊದಲು ಮೂಳೆಯ ಮೇಲ್ಮೈಯನ್ನು ಸ್ವಲ್ಪ ಕೆರೆದು ರಕ್ತ ಜಿನುಗುವಂತೆ ಮಾಡುತ್ತಾರೆ ಎಂದಾಗ ನನಗೆ ನಮ್ಮಪ್ಪನ ಮಾವಿನ ಕಸಿ ಕಣ್ಣಿಗೆ ಬಂತು. ಅಪ್ಪನೂ ಹಾಗೇ ಎರಡು ಕಡೆಯ ತೊಗಟೆ ಹೆರೆದು, ಜೋಡಿಸಿ, ಬಾಳೆನಾರಿನಲ್ಲಿ ಬಿಗಿಯುತ್ತಿದ್ದ. "ನಾರು ಕೂಡಿಸಲ್ಲ ಮಗಾ, ಅಲುಗದ ಹಾಗೆ ಹಿಡ್ಕೊಳತ್ತೆ ಅಷ್ಟೆ. ಕೂಡೋದು ಗಿಡ" ಎನ್ನುತ್ತಿದ್ದ. ಡಾಕ್ಟರಿಗೆ ಹೇಳಿದೆ. "ಅದೇ ಅಮ್ಮ. ನನ್ನ ಕೆಲಸ ಎರಡು ಗಂಟೆ, ನಿಮ್ಮದು ಆರು ತಿಂಗಳು" ಎಂದರು.

ಎರಡು ಗಂಟೆಯ ಬಗ್ಗೆ ಹೇಳುವುದೇನೂ ಇಲ್ಲ, ನಾನು ಮಲಗಿದ್ದೆ. ಎದ್ದಾಗ ಹೆಗಲು ಒಳಗೆ ಹಾಯಿಸಿದ ನೀರಿಗೆ ಊದಿ ಗಡಿಗೆಯಾಗಿತ್ತು. ನರಕ್ಕೆ ಕೊಟ್ಟ ಮರಗಟ್ಟಿಸುವ ಚುಚ್ಚುಮದ್ದಿನಿಂದ ಕೈ ಯಾರದೋ ಮನೆಯಿಂದ ಎರವಲು ತಂದದ್ದರ ಹಾಗೆ ಪಕ್ಕದಲ್ಲಿ ಬಿದ್ದಿತ್ತು. ಮದ್ದಿನ ಪ್ರಭಾವ ಇಳಿದ ರಾತ್ರಿ ಅದು ನನ್ನದೇ ಎಂದು ಗೊತ್ತಾಯಿತು.

ನಿಜವಾದ ಪರೀಕ್ಷೆ ಮನೆಗೆ ಬಂದ ಮೇಲೆ. ಆರು ವಾರ ಕೈಚೀಲ, ಅದರೊಳಗೊಂದು ದಿಂಬು. ಬೆರಳು, ಮಣಿಕಟ್ಟು, ಮೊಣಕೈ ಆಡಿಸಬಹುದು; ಹೆಗಲನ್ನು ತಾನಾಗಿ ಎತ್ತುವಂತಿಲ್ಲ. ಮಲಗುವುದು ಆರಾಮಕುರ್ಚಿಯಲ್ಲಿ. ಸೀರೆ ಇಲ್ಲ, ರವಿಕೆ ಇಲ್ಲ, ಇವರ ಹಳೆಯ ಅಂಗಿ ಮತ್ತು ಲಂಗ. ನೆಂಟರು ನೋಡಲು ಬಂದರೆ ಮೇಲೊಂದು ಶಾಲು. ಹಾಳು ಸಂಡಿಗೆ! ಅದನ್ನು ಬಂದವರಿಗೆಲ್ಲ ಕರಿದು ಕೊಟ್ಟೇ ಮುಗಿಸಿದೆವು.

ಸುಮ್ಮನೆ ಕೂರುವುದು ನಮ್ಮಂಥವರಿಗೆ ಬರುವುದಿಲ್ಲ ನೋಡಿ. ಮೈ ಹುಷಾರಿಲ್ಲದಿದ್ದರೆ ಮಲಗಬಹುದು. ಮೈ ಹುಷಾರಾಗಿದ್ದೂ, ಕಣ್ಣೆದುರಿಗೇ ಸಿಂಕು ತುಂಬಿದ್ದರೂ, ಕೂತಿರಬೇಕು ಎಂದರೆ? ಮಗಳು ಫೋನಿನಲ್ಲಿ, "ಅಮ್ಮ, ಅದು ಕೆಲಸ ಅಂದ್ಕೋ, ಸುಮ್ನಿರೋದೇ ಕೆಲಸ" ಎಂದಳು. ಒಳಗೆ ನಡೆಯುತ್ತಿದ್ದದ್ದು ನಿಜವಾಗಿಯೂ ಕೆಲಸವೇ. ಮೊದಲ ವಾರ ಉರಿಯೂತ, ರಕ್ತ ತಂದು ಸುರಿದ ಜೀವಕೋಶಗಳು ಕಸ ಗುಡಿಸುತ್ತವೆ. ಆಮೇಲಿನ ವಾರಗಳಲ್ಲಿ ಅಡ್ಡಾದಿಡ್ಡಿ, ಮೆತ್ತಗಿನ ಎಳೆಗಳ ತಾತ್ಕಾಲಿಕ ಅಂಗಾಂಶ. ತಿಂಗಳುಗಟ್ಟಲೆ ಕಳೆದ ಮೇಲೆ ಆ ಎಳೆಗಳ ಜಾಗದಲ್ಲಿ ಗಟ್ಟಿ ಎಳೆಗಳು ಬಂದು, ಎಳೆತದ ದಿಕ್ಕಿಗೆ ಸಾಲಾಗಿ ಜೋಡಣೆಯಾಗುತ್ತವೆ. ಹುಟ್ಟಿನಿಂದ ಇದ್ದ ಬೆಸುಗೆ ಮಾತ್ರ ಮತ್ತೆ ಬರುವುದಿಲ್ಲ. ಅಲ್ಲಿ ರಜ್ಜು ಮೆಲ್ಲಗೆ ಮೃದ್ವಸ್ಥಿಯಾಗಿ, ಅದು ಗಡುಸಾಗಿ, ಆಮೇಲೆ ಮೂಳೆಯಾಗುವ ನಾಲ್ಕು ಪದರಗಳಿದ್ದವು. ಈಗ ಬರುವುದು ಕಲೆಗಟ್ಟಿದ ಗಾಯದ ಅಂಗಾಂಶ. ತೇಪೆ ಎನ್ನಿ. ಮತ್ತೆ ಬಿಟ್ಟರೂ ಸಾಮಾನ್ಯವಾಗಿ ದಾರ ಹರಿಯುವುದಲ್ಲ, ದಾರ ಗಟ್ಟಿಯಾಗಿಯೇ ಇರುತ್ತದೆ. ಹಳೆ ಸೀರೆಗೆ ಹೊಸ ದಾರದಲ್ಲಿ ಹೊಲಿದರೆ ಹೊಲಿಗೆಯ ಪಕ್ಕದ ಬಟ್ಟೆ ಸೀಳುವಂತೆ ರಜ್ಜು ಸೀಳುತ್ತದೆ. ಬಿಡುವುದಾದರೆ ಬಹುಮಟ್ಟಿಗೆ ಮೊದಲ ಮೂರರಿಂದ ಆರು ತಿಂಗಳೊಳಗೆ. ಇದನ್ನು ಕೇಳಿದ ಮೇಲೆ ನಾನು ಸೀನುವುದಕ್ಕೂ ಹೆದರಿದೆ.

ಹೆದರಿಯೂ ತಪ್ಪು ಮಾಡಿದೆ. ನಾಲ್ಕನೇ ವಾರ ಹಾಲು ಉಕ್ಕಿತು. ಕೈಚೀಲವನ್ನು ಸ್ನಾನಕ್ಕೆಂದು ಬಿಚ್ಚಿದ್ದೆ. ಉಕ್ಕುವ ಹಾಲನ್ನು ನೋಡಿ ಮನಸ್ಸಿಗೆ ಮೊದಲೇ ಕೈ ಹೊರಟಿತು. ಪಾತ್ರೆ ಎತ್ತಿ ಪಕ್ಕಕ್ಕಿಟ್ಟ ಮೇಲೆ ಎತ್ತಿದ್ದು ಯಾವ ಕೈ ಎಂದು ನೋಡಿಕೊಂಡೆ. ಚುಳ್ ಎಂದಿತ್ತು, ಅಷ್ಟೆ. ಮೂರು ದಿನ ಯಾರಿಗೂ ಹೇಳಲಿಲ್ಲ. ರಾತ್ರಿ ಆರಾಮಕುರ್ಚಿಯಲ್ಲಿ ಕೂತು ಲೀಟರ್ ಹಾಲಿಗೆ ಎಷ್ಟು, ಎಂ.ಆರ್.ಐ.ಗೆ ಎಷ್ಟು, ಆಸ್ಪತ್ರೆಗೆ ಎಷ್ಟು ಎಂದು ಲೆಕ್ಕ ಹಾಕುತ್ತಿದ್ದೆ.

ಆ ದಿನಗಳಲ್ಲೇ ನಮ್ಮತ್ತೆ ನನ್ನ ತಲೆ ಬಾಚಲು ಕೂತದ್ದು. ಅವರಿಗೆ ಆಗ ಎಂಬತ್ತೆರಡು. ಒಂದೇ ಕೈಯಲ್ಲಿ ಜಡೆ ಹಾಕಿಕೊಳ್ಳಲಾಗದೆ ನಾನು ಕೂದಲು ಕೆದರಿಕೊಂಡು ಕೂತಿದ್ದೆ.

"ಬಾ ಇಲ್ಲಿ. ನೆಲದ ಮೇಲೆ ಕೂತ್ಕೊ. ಇನ್ನೂ ಬಗ್ಗು. ಇನ್ನೂ. ಕೈ ತಲೆಗೆ ಬಾರದಿದ್ರೆ ತಲೆ ಕೈಗೆ ಬರಬೇಕು ಕಣೆ, ನಾನು ಹಂಗೇ ಅಲ್ವೇ ತುರುಬು ಕಟ್ಕೊಳೋದು."

ನಾನು ತಿರುಗಿ ನೋಡಿದೆ. ಅತ್ತೆ ದಿನಾ ಬೆಳಿಗ್ಗೆ ಮೊಣಕಾಲಿಗೆ ಹಣೆ ತಾಗುವಷ್ಟು ಬಗ್ಗಿ ತುರುಬು ಕಟ್ಟುವುದನ್ನು ಎರಡು ದಶಕ ನೋಡಿದ್ದೇನೆ. ವಯಸ್ಸಾದವರ ಒಂದು ರೀತಿ ಎಂದುಕೊಂಡಿದ್ದೆ. "ಯಾವಾಗಿಂದ ಅತ್ತೆ?" ಎಂದೆ.

"ಯಾರು ಲೆಕ್ಕ ಇಟ್ಟಿದ್ರು? ಸಣ್ಣವನು ಹುಟ್ಟಿದಾಗ ಇರಬೇಕು. ಹಂಡೆಗೆ ನೀರು ಸೇದ್ತಿದ್ದೆ, ಹಗ್ಗ ರಾಟೆಯಿಂದ ತಪ್ಪಿ ಜಗ್ತು. ಕೊಡ ಬಿಡಲಿಲ್ಲ ನಾನು. ತಾಮ್ರದ ಕೊಡ."

ಸಣ್ಣವನು ಹುಟ್ಟಿದ್ದು 1999ರಲ್ಲಿ. ನನ್ನ ತಾಯಿಗೆ ಆಗ ಮೈ ಸರಿಯಿಲ್ಲದೆ ಎರಡನೆಯ ಬಾಣಂತನ ಅತ್ತೆಯೇ ಮಾಡಿದರು. ಆ ಹಂಡೆಯ ನೀರು ನನ್ನ ಮೈಮೇಲೆ ಸುರಿದದ್ದು. ಆಮೇಲೆ ಅವರು ಮೇಲಿನ ಗೂಡಿನ ಡಬ್ಬ ಇಳಿಸುವುದಕ್ಕೆ, ದೇವರ ದೀಪ ತೆಗೆಯುವುದಕ್ಕೆ ನನ್ನನ್ನೇ ಕರೆಯತೊಡಗಿದ್ದು ನೆನಪಿದೆ. "ಮೂರು ತಿಂಗಳು ಮಾಡಿದ್ದಕ್ಕೆ ಮೂವತ್ತು ವರ್ಷದ ವಸೂಲಿ" ಎಂದು ನಾನು ಅಕ್ಕನಿಗೆ ಕಾಗದದಲ್ಲಿ ಬರೆದದ್ದೂ ನೆನಪಿದೆ. ಅವರು ನೋವೆಂದು ಹೇಳಿರಲಿಲ್ಲವೇ? ಹೇಳಿದ್ದರು. ನಾವು ಎಣ್ಣೆ ತಂದುಕೊಟ್ಟಿದ್ದೆವು.

ಆರನೇ ವಾರ ತೋರಿಸಲು ಹೋದಾಗ ಅತ್ತೆಯನ್ನೂ ಕರೆದುಕೊಂಡು ಹೋದೆ. ಹಾಲಿನ ಕಥೆಯನ್ನೂ ಒಪ್ಪಿಕೊಂಡೆ. ಡಾಕ್ಟರು ಕೈ ಹಿಡಿದು ನೋಡಿ, ಈಗಲೇ ಏನೂ ಹೇಳುವಂತಿಲ್ಲ, ಆರು ತಿಂಗಳಿಗೆ ಸ್ಕ್ಯಾನ್ ಮಾಡೋಣ ಎಂದರು. ಅತ್ತೆಯ ಎಕ್ಸ್‌ರೇ ತೆಗೆಸಿದರು. ಅದರಲ್ಲಿ ತೋಳುಮೂಳೆಯ ಗುಂಡು ತನ್ನ ಜಾಗ ಬಿಟ್ಟು ಮೇಲೇರಿ ಹೆಗಲಿನ ಚಾವಣಿಯ ಮೂಳೆಗೆ ಒತ್ತಿಕೊಂಡಿತ್ತು. ಕೆಳಗೆ ಹಿಡಿದಿಡುವ ರಜ್ಜು ಇಲ್ಲದೆ ವರ್ಷಗಳು ಕಳೆದರೆ ಹೀಗಾಗುತ್ತದೆ. ಎಳೆತವಿಲ್ಲದೆ ಬಿದ್ದ ಸ್ನಾಯುವಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಅದು ಎಷ್ಟರಮಟ್ಟಿಗೆ ತುಂಬಿದೆ ಎಂದು ಅಳೆಯಲು ಗುತಾಲಿಯೇ ಎಂಬ ಫ್ರಾನ್ಸಿನ ವೈದ್ಯರು 1994ರಲ್ಲಿ ಮಾಡಿದ ದರ್ಜೆಗಳಿವೆಯಂತೆ. ಮೇಲಿನ ದರ್ಜೆಗೆ ಹೋದ ಮೇಲೆ ಹೊಲಿದರೂ ಅದು ಮತ್ತೆ ಸ್ನಾಯುವಾಗುವುದಿಲ್ಲ.

"ಇಪ್ಪತ್ತು ವರ್ಷದ ಹಿಂದೆ ಬಂದಿದ್ದರೆ?" ಎಂದೆ. ಡಾಕ್ಟರು ನನ್ನ ಮುಖ ನೋಡಿ, ಉತ್ತರ ಹೇಳದೆ, ಈಗ ಇನ್ನೊಂದು ದಾರಿ ಇದೆ ಎಂದರು. 1985ರಲ್ಲಿ ಗ್ರಾಮೋಂ ಎಂಬ ಫ್ರೆಂಚ್ ವೈದ್ಯರು ರೂಪಿಸಿದ ತಿರುಗುಮುರುಗಾದ ಕೃತಕ ಕೀಲು. ಗುಂಡಿದ್ದ ಕಡೆ ಬಟ್ಟಲು, ಬಟ್ಟಲಿದ್ದ ಕಡೆ ಗುಂಡು. ಹರಿದ ರಜ್ಜಿನ ಹಂಗಿಲ್ಲದೆ ಹೊರಗಿನ ದೊಡ್ಡ ಸ್ನಾಯುವೇ ಕೈ ಎತ್ತುತ್ತದೆ.

ಅತ್ತೆ ಎಲ್ಲ ಕೇಳಿಸಿಕೊಂಡು, "ಬೇಡಪ್ಪ. ಇಷ್ಟು ವರ್ಷ ನೆಟ್ಟಗಿದ್ದಾಗ್ಲೇ ಎತ್ತಲಿಲ್ಲ, ತಿರುಗಾಮುರುಗಾ ಮಾಡಿ ಇನ್ನೇನು ಎತ್ತಿಸ್ತೀಯ" ಎಂದರು. ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ.

ಆ ವಾರದಿಂದ ನನಗೆ ವ್ಯಾಯಾಮ. ಹಳೆಯ ವಿದ್ಯಾರ್ಥಿನಿ ಗುರುವಾದಳು. ಮುಂದಕ್ಕೆ ಬಾಗಿ, ಕೈಯನ್ನು ಸತ್ತ ಹಾವಿನಂತೆ ಜೋತುಬಿಟ್ಟು, ಮೈಯನ್ನು ಅಲುಗಿಸಿ ಕೈ ತಾನಾಗಿ ಸೊನ್ನೆ ಸುತ್ತುವಂತೆ ಮಾಡುವುದು. ಇದಕ್ಕೂ ಆ ಕಾಡ್‌ಮನ್ನರದೇ ಹೆಸರು. "ನೀವು ಸುತ್ತಬೇಡಿ ಟೀಚರ್, ಅದಾಗೇ ಸುತ್ತಲಿ" ಎಂದು ಅವಳು ದಿನಕ್ಕೆ ಹತ್ತು ಸಲ ಬೈಯುತ್ತಿದ್ದಳು. ಆಮೇಲೆ ಎಡಗೈ ಸಹಾಯದಿಂದ ಎತ್ತುವುದು, ಆಮೇಲೆ ತಾನಾಗಿ ಎತ್ತುವುದು, ಮೂರು ತಿಂಗಳಾದ ಮೇಲೆ ರಬ್ಬರ್ ಪಟ್ಟಿ ಎಳೆಯುವುದು. ಶಾಲೆಗೆ ಮೊದಲೇ ಹೋಗತೊಡಗಿದ್ದೆ, ಹಲಗೆಯ ಮೇಲೆ ಆ ಮುಂದಿನ ಬೆಂಚಿನ ಹುಡುಗಿಯೇ ಬರೆಯುತ್ತಿದ್ದಳು. ನನಗಿಂತ ಅವಳ ಅಕ್ಷರ ಚೆನ್ನ.

2023ರ ಏಪ್ರಿಲ್‌ನಲ್ಲಿ ಸ್ಕ್ಯಾನ್. ರಜ್ಜು ಕೂಡಿದೆ, ಮುಂದಿನ ಅಂಚಿನಲ್ಲಿ ಸ್ವಲ್ಪ ಜಾಗ ಮಾತ್ರ ತೆಳ್ಳಗಿದೆ, ಕೂಡಿಲ್ಲವೆಂದೂ ಹೇಳಬಹುದು ಎಂದರು. "ಹಾಲಿನಿಂದಲೇ?" ಎಂದೆ. ಇರಬಹುದು, ಇಲ್ಲದಿರಬಹುದು, ಏನೂ ಮಾಡದವರಲ್ಲೂ ಹೀಗಿರುತ್ತದೆ ಎಂದರು. 2004ರಲ್ಲಿ ಅಮೆರಿಕದ ವೈದ್ಯರು ದೊಡ್ಡ ಹರಿತಗಳಿಗೆ ದುರ್ಬೀನಿನಿಂದ ಹೊಲಿದ ಹದಿನೆಂಟು ಜನರನ್ನು ಒಂದು ವರ್ಷದ ಮೇಲೆ ಸ್ಕ್ಯಾನ್ ಮಾಡಿದಾಗ ಹದಿನೇಳು ಜನರಲ್ಲಿ ಮತ್ತೆ ಹರಿದಿತ್ತಂತೆ. ಆದರೂ ಅವರಲ್ಲಿ ಹೆಚ್ಚಿನವರ ನೋವು ಕಡಿಮೆಯಾಗಿ, ಕೈ ತಲೆಯ ಮೇಲಕ್ಕೆ ಹೋಗುತ್ತಿತ್ತಂತೆ. ಇದನ್ನು ಅವರು ಸಮಾಧಾನಕ್ಕೆಂದು ಹೇಳಿದರು. ನನಗೆ ಅದು ಸಮಾಧಾನಕ್ಕಿಂತ ವಿಚಿತ್ರವಾಗಿ ಕಂಡಿತು. ಹಲಗೆಯ ಮೂಲೆಗೆ ಕೈ ಮುಟ್ಟುತ್ತದೆ. ಹೊತ್ತಾದರೆ ನೋಯುತ್ತದೆ. ನೆತ್ತಿಯ ಮೇಲಿಂದ ಭಾರ ಇಳಿಸುವುದನ್ನು ಬಿಟ್ಟಿದ್ದೇನೆ.

ಆ ಬೇಸಿಗೆಯಲ್ಲಿ ಗೂಡುಗಳನ್ನೆಲ್ಲ ಸೊಂಟದ ಮಟ್ಟಕ್ಕೆ ಇಳಿಸಿ ಹೊಡೆಸಿದೆವು. ದೇವರ ಪಟಗಳೂ ಕೆಳಗೆ ಬಂದವು. ಬಡಗಿ, "ಇದೇನಮ್ಮ, ಮಕ್ಕಳ ಮನೆ ಥರ" ಎಂದ. ಬೆಳಿಗ್ಗೆ ಆರೂವರೆಗೆ ಅತ್ತೆ ಬಾಚಣಿಗೆ, ಕೊಬ್ಬರಿ ಎಣ್ಣೆ ಹಿಡಿದು ಹಜಾರದ ಮಣೆಯ ಮೇಲೆ ಕೂರುತ್ತಾರೆ. ನಾನು ಹಿಂದೆ ಕುರ್ಚಿಯಲ್ಲಿ. ಮೊದಲ ದಿನ ಅವರು ಅಭ್ಯಾಸಬಲದಿಂದ ಮೊಣಕಾಲಿನವರೆಗೆ ಬಗ್ಗಿದರು.

"ನೆಟ್ಟಗೆ ಕೂತ್ಕೊಳ್ಳಿ ಅತ್ತೆ" ಎಂದೆ.

"ಎಳೀಬೇಡ, ಇರೋದೇ ನಾಲ್ಕು ಕೂದಲು" ಎಂದರು.